ಸೊನ್ನೆ ಮತ್ತು ಒಂದು

ಮಂಡ್ಯ, ಮದ್ದೂರು, ಮಳವಳ್ಳಿ ಒಂದೇ ಜಿಲ್ಲೆಗೆ ಸೇರಿದ ನೆರೆಹೊರೆಯ ತಾಲ್ಲೂಕುಗಳು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದ ಮೇಲೆ ಮಂಡ್ಯದ ಬಯಲು ಕಬ್ಬಿನ ನಾಡಾಯಿತು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. ಶಿಂಷಾ ನದಿಯ ದಡದಲ್ಲಿರುವ ಮದ್ದೂರು ಎಳನೀರಿನ ವ್ಯಾಪಾರಕ್ಕೆ ಹೆಸರಾಗಿದೆ; ಅಲ್ಲಿಯ ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ಹೊರರಾಜ್ಯಗಳಿಗೆ ಸಾಗುತ್ತದೆ. ಮಳವಳ್ಳಿಯ ಕಡೆ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಗೂಡು ಮಾರಿ ಜೀವನ ಸಾಗಿಸುವ ಕುಟುಂಬಗಳಿವೆ. ಕಬ್ಬನ್ನು ಟನ್ನುಗಳ ಲೆಕ್ಕದಲ್ಲಿ ತೂಗುತ್ತಾರೆ; ಎಳನೀರನ್ನು ಎಣಿಸುತ್ತಾರೆ; ರೇಷ್ಮೆಗೂಡನ್ನು ಕಿಲೋಗ್ರಾಂಗಳಲ್ಲಿ ತೂಗುತ್ತಾರೆ. ಬೆಳೆ ಯಾವುದೇ ಆಗಲಿ, ರೈತನ ತಿಂಗಳುಗಟ್ಟಲೆಯ ದುಡಿಮೆ ಕಡೆಗೆ ಒಂದು ಸಂಖ್ಯೆಯಾಗಿ ಚೀಟಿಯ ಮೇಲೆ ನಿಲ್ಲುತ್ತದೆ. ಆ ಸಂಖ್ಯೆ ಸರಿಯಾಗಿದ್ದರೆ ಮಾತ್ರ ದುಡಿಮೆಗೆ ತಕ್ಕ ಪ್ರತಿಫಲ ದೊರೆಯುತ್ತದೆ.

ಸಂಖ್ಯೆಗಳಲ್ಲಿ ಎರಡು ಸಂಖ್ಯೆಗಳು ಮೇಲುನೋಟಕ್ಕೆ ಸೋಮಾರಿಗಳಂತೆ ತೋರುತ್ತವೆ. ಒಂದನ್ನು ಕೂಡಿದರೆ ಏನೂ ಆಗುವುದಿಲ್ಲ. ಮತ್ತೊಂದರಿಂದ ಗುಣಿಸಿದರೆ ಏನೂ ಆಗುವುದಿಲ್ಲ. ಮೊದಲನೆಯದು ಸೊನ್ನೆ, ಎರಡನೆಯದು ಒಂದು. ಏನನ್ನೂ ಮಾಡದ ಈ ಎರಡು ಸಂಖ್ಯೆಗಳಿಗೆ ಗಣಿತಶಾಸ್ತ್ರವು ವಿಶೇಷವಾದ ಹೆಸರನ್ನೂ ಸ್ಥಾನವನ್ನೂ ಕೊಟ್ಟಿರುವುದೇಕೆ? ಏನನ್ನೂ ಬದಲಾಯಿಸದಿರುವುದೂ ಒಂದು ಕೆಲಸವೇ? ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರುವಂತೆಯೇ ಮಾರುಕಟ್ಟೆಯಲ್ಲಿಯೂ ಇದೆ.

ಮದ್ದೂರಿನ ಮಾರುಕಟ್ಟೆಗೆ ಒಬ್ಬ ರೈತ 240 ಎಳನೀರು ತಂದನೆಂದು ಇಟ್ಟುಕೊಳ್ಳಬಹುದು. ಅವನ ಹಿಂದೆಯೇ ಬಂದ ಅವನ ತಮ್ಮನ ಗಾಡಿ ಬರಿದಾಗಿದೆ. ಇಬ್ಬರದೂ ಸೇರಿ ಎಷ್ಟಾಯಿತು? 240ಕ್ಕೆ ಸೊನ್ನೆಯನ್ನು ಕೂಡಿದರೆ 240. ಬರಿಯ ಗಾಡಿಯೇ ಮೊದಲು ಬಂದು, ತುಂಬಿದ ಗಾಡಿ ಆಮೇಲೆ ಬಂದಿದ್ದರೂ ಮೊತ್ತ ಅದೇ. 240 ಎಂಬ ಸಂಖ್ಯೆಯ ಬದಲು ಯಾವ ಸಂಖ್ಯೆಯನ್ನು ಇಟ್ಟರೂ ಈ ಮಾತು ನಿಲ್ಲುತ್ತದೆ. ‘ಅ’ ಎಂಬುದು ಯಾವುದೇ ಸಂಖ್ಯೆಯಾಗಿರಲಿ,

ಅ + 0 = 0 + ಅ = ಅ.

ಹೀಗೆ ಕೂಡಿದಾಗ ಯಾವ ಸಂಖ್ಯೆಯನ್ನೂ ಬದಲಾಯಿಸದ ಕಾರಣ ಸೊನ್ನೆಯನ್ನು ಸಂಕಲನದ ಅನನ್ಯತಾಂಶವೆಂದು ಕರೆಯುತ್ತಾರೆ. ಅನ್ಯವೆಂದರೆ ಬೇರೆ, ಅನನ್ಯವೆಂದರೆ ಬೇರೆಯಲ್ಲದ್ದು. ಸೊನ್ನೆಯನ್ನು ಕೂಡಿಸಿಕೊಂಡ ಸಂಖ್ಯೆ ಬೇರೆಯಾಗುವುದಿಲ್ಲ, ತಾನೇ ಆಗಿ ಉಳಿಯುತ್ತದೆ. ಹೆಸರಿನಲ್ಲಿಯೇ ಅರ್ಥವಿದೆ.

ಗುಣಾಕಾರದಲ್ಲಿ ಇದೇ ಕೆಲಸವನ್ನು ಮಾಡುವುದು ಒಂದು. ಮಗ್ಗಿ ಕಲಿತ ಮಕ್ಕಳೆಲ್ಲರೂ ಈ ನಿಯಮವನ್ನು ಅದರ ಹೆಸರು ತಿಳಿಯುವುದಕ್ಕೆ ಮೊದಲೇ ಬಾಯಿಪಾಠ ಮಾಡಿರುತ್ತಾರೆ. ಎರಡೊಂದಲೆ ಎರಡು, ಮೂರೊಂದಲೆ ಮೂರು, ಹದಿನೇಳೊಂದಲೆ ಹದಿನೇಳು: ಪ್ರತಿಯೊಂದು ಮಗ್ಗಿಯ ಮೊದಲ ಸಾಲೂ ಇದೇ ನಿಯಮದ ಒಂದೊಂದು ಉದಾಹರಣೆ. ಎಲ್ಲ ಮಗ್ಗಿಗಳ ಮೊದಲ ಸಾಲುಗಳನ್ನೂ ಒಟ್ಟಾಗಿ ಬರೆದರೆ ದೊರೆಯುವ ನಿಯಮವಿದು:

ಅ × 1 = 1 × ಅ = ಅ.

ಆದುದರಿಂದ ಒಂದು ಎಂಬುದು ಗುಣಾಕಾರದ ಅನನ್ಯತಾಂಶ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಣದ ರಾಶಿಯನ್ನು ಅಳೆಯುವಾಗ ಮೊದಲನೆಯ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿಯಿತ್ತು. ಎರಡು, ಮೂರು ಎಂದು ಎಣಿಕೆ ಮುಂದುವರಿಯುತ್ತಿದ್ದುದು ಆ ಬಳಿಕವೇ. ಎಣಿಕೆಯ ಆರಂಭಕ್ಕೆ ಜನ ಕೊಟ್ಟ ಗೌರವವನ್ನು ಈ ರೂಢಿಯಲ್ಲಿ ಕಾಣಬಹುದು.

ಸಂಕಲನಕ್ಕೆ ಸೊನ್ನೆ, ಗುಣಾಕಾರಕ್ಕೆ ಒಂದು; ಇವುಗಳ ಸ್ಥಾನಗಳನ್ನು ಅದಲುಬದಲು ಮಾಡಲಾಗದು. 240ಕ್ಕೆ ಒಂದನ್ನು ಕೂಡಿದರೆ 241 ಆಗುತ್ತದೆ, ಸಂಖ್ಯೆ ಉಳಿಯುವುದಿಲ್ಲ. 240ನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರುತ್ತದೆ, ಸಂಖ್ಯೆ ಅಳಿಸಿಹೋಗುತ್ತದೆ. ಸಂಕಲನದಲ್ಲಿ ನಿರುಪದ್ರವಿಯಾದ ಸೊನ್ನೆ ಗುಣಾಕಾರದಲ್ಲಿ ಎಲ್ಲವನ್ನೂ ನುಂಗುತ್ತದೆ. ಅನನ್ಯತೆ ಎಂಬುದು ಸಂಖ್ಯೆಯೊಂದರ ಗುಣ ಮಾತ್ರವಲ್ಲ, ಆ ಸಂಖ್ಯೆಗೂ ಒಂದು ಕ್ರಿಯೆಗೂ ಇರುವ ಸಂಬಂಧ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದು ಕ್ರಿಯೆಗೆ ಎರಡು ಅನನ್ಯತಾಂಶಗಳು ಇರಲು ಸಾಧ್ಯವೇ? ಸೊನ್ನೆಯಲ್ಲದೆ ‘ಬ’ ಎಂಬ ಇನ್ನೊಂದು ಸಂಖ್ಯೆಯೂ ಸಂಕಲನದಲ್ಲಿ ಯಾವುದನ್ನೂ ಬದಲಾಯಿಸುವುದಿಲ್ಲವೆಂದು ಯಾರಾದರೂ ವಾದಿಸಬಹುದು. ಆಗ 0 + ಬ ಎಂಬ ಮೊತ್ತವನ್ನು ಪರಿಶೀಲಿಸಬೇಕು. ಸೊನ್ನೆ ಅನನ್ಯತಾಂಶವಾದುದರಿಂದ ಈ ಮೊತ್ತ ‘ಬ’ ಆಗಬೇಕು. ‘ಬ’ಯೂ ಅನನ್ಯತಾಂಶವಾದರೆ ಅದೇ ಮೊತ್ತ ಸೊನ್ನೆಯೂ ಆಗಬೇಕು. ಒಂದೇ ಮೊತ್ತಕ್ಕೆ ಎರಡು ಬೆಲೆಗಳಿರಲಾರವು. ಆದ್ದರಿಂದ ‘ಬ’ ಎಂದರೆ ಸೊನ್ನೆಯೇ. ಗುಣಾಕಾರಕ್ಕೂ ಇದೇ ತರ್ಕ ಹೊಂದುತ್ತದೆ. ಹೀಗೆ ಎರಡೇ ಸಾಲುಗಳ ವಿಚಾರದಿಂದ, ಕೋಟ್ಯಂತರ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸದೆಯೇ, ಸೊನ್ನೆಗೂ ಒಂದಕ್ಕೂ ತಮ್ಮ ತಮ್ಮ ಸ್ಥಾನದಲ್ಲಿ ಪ್ರತಿಸ್ಪರ್ಧಿಗಳಿಲ್ಲವೆಂದು ತಿಳಿಯುತ್ತದೆ.

ವ್ಯವಕಲನ ಮತ್ತು ಭಾಗಾಕಾರಗಳ ವಿಷಯ ಸ್ವಲ್ಪ ಬೇರೆ. 7ರಲ್ಲಿ ಸೊನ್ನೆಯನ್ನು ಕಳೆದರೆ 7 ಉಳಿಯುತ್ತದೆ. ಆದರೆ ಸೊನ್ನೆಯಲ್ಲಿ 7ನ್ನು ಕಳೆದರೆ −7 ಬರುತ್ತದೆ. 7ನ್ನು ಒಂದರಿಂದ ಭಾಗಿಸಿದರೆ 7. ಒಂದನ್ನು 7ರಿಂದ ಭಾಗಿಸಿದರೆ ಏಳನೆಯ ಒಂದು ಭಾಗ. ಅನನ್ಯತಾಂಶವು ಸಂಖ್ಯೆಯ ಯಾವ ಪಕ್ಕದಲ್ಲಿ ನಿಂತರೂ ಸಂಖ್ಯೆಯನ್ನು ಕಾಪಾಡಬೇಕು. ಈ ಎರಡು ಕ್ರಿಯೆಗಳಲ್ಲಿ ಒಂದೇ ಪಕ್ಕದ ರಕ್ಷಣೆ ಇರುವುದರಿಂದ ಇವುಗಳಿಗೆ ಅನನ್ಯತಾಂಶವಿಲ್ಲ. ಹಾಗೆಯೇ 2, 4, 6 ಎಂಬ ಸರಿಸಂಖ್ಯೆಗಳ ಗುಂಪನ್ನು ಮಾತ್ರ ತೆಗೆದುಕೊಂಡರೆ ಆ ಗುಂಪಿನಲ್ಲಿ ಗುಣಾಕಾರದ ಅನನ್ಯತಾಂಶ ದೊರೆಯುವುದಿಲ್ಲ. ಏಕೆಂದರೆ ಒಂದು ಸರಿಸಂಖ್ಯೆಯಲ್ಲ.

ಇಂದು ಸುಲಭವಾಗಿ ತೋರುವ ಈ ನಿಯಮಗಳನ್ನು ಕಂಡುಕೊಳ್ಳಲು ಮಾನವನಿಗೆ ದೀರ್ಘಕಾಲ ಹಿಡಿಯಿತು. ಬರಿದಾದ ಸ್ಥಾನವನ್ನು ಸೂಚಿಸಲು ಒಂದು ಗುರುತನ್ನು ಇಡುವುದು ಬೇರೆ. ಸೊನ್ನೆಯನ್ನು ಇತರ ಸಂಖ್ಯೆಗಳ ಸಾಲಿನಲ್ಲಿ ಕೂರಿಸಿ, ಅದನ್ನು ಕೂಡಿದರೆ ಏನು, ಕಳೆದರೆ ಏನು ಎಂದು ಕೇಳುವುದು ಬೇರೆ. ಈ ಎರಡನೆಯ ಹೆಜ್ಜೆಯನ್ನು ಇಟ್ಟವರಲ್ಲಿ ಬ್ರಹ್ಮಗುಪ್ತನು ಪ್ರಮುಖನು. ಅವನು ಕ್ರಿ. ಶ. 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನಸಂಖ್ಯೆ, ಋಣಸಂಖ್ಯೆ ಹಾಗೂ ಸೊನ್ನೆಗಳ ಸಂಕಲನ, ವ್ಯವಕಲನ, ಗುಣಾಕಾರಗಳಿಗೆ ನಿಯಮಗಳನ್ನು ಹೇಳಿದ್ದಾನೆ.

ಕನ್ನಡ ನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಎಂ. ರಂಗಾಚಾರ್ಯರು ಸಂಪಾದಿಸಿ ಇಂಗ್ಲಿಷಿಗೆ ಅನುವಾದಿಸಿದ ಈ ಗ್ರಂಥ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು, ಗಣಿತವನ್ನು ಜನರ ಭಾಷೆಗೆ ತಂದನು.

ಸಂಖ್ಯೆಗೆ ಸೊನ್ನೆಯನ್ನು ಕೂಡಿದರೂ, ಅದರಿಂದ ಸೊನ್ನೆಯನ್ನು ಕಳೆದರೂ ಅದು ಬದಲಾಗದೆಂದು ಮಹಾವೀರಾಚಾರ್ಯನು ಹೇಳಿದ್ದಾನೆ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುವುದೆಂದೂ ಹೇಳಿದ್ದಾನೆ. ಇವೆಲ್ಲವೂ ಸರಿ. ಆದರೆ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದೆಂದು ಆತ ಸೇರಿಸಿದನು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಇದ್ದಂತೆಯೇ ಉಳಿಯುತ್ತದೆಯಲ್ಲವೇ ಎಂಬ ಯೋಚನೆ ಇದರ ಹಿಂದೆ ಇದ್ದಿರಬಹುದು. ಈ ಮಾತನ್ನು ಪರೀಕ್ಷಿಸುವುದು ಕಷ್ಟವಲ್ಲ. 12ನ್ನು 3ರಿಂದ ಭಾಗಿಸಿದರೆ 4 ಬರುತ್ತದೆ. ಏಕೆಂದರೆ 4ನ್ನು 3ರಿಂದ ಗುಣಿಸಿದರೆ 12 ಮರಳಿ ದೊರೆಯುತ್ತದೆ. 12ನ್ನು ಸೊನ್ನೆಯಿಂದ ಭಾಗಿಸಿದಾಗ 12 ಬರುವುದಾದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗ 12 ಮರಳಿ ಬರಬೇಕಾಗಿತ್ತು. ಆದರೆ ಬರುವುದು ಸೊನ್ನೆ. ಆದುದರಿಂದ ಆ ನಿಯಮ ನಿಲ್ಲುವುದಿಲ್ಲ.

ಭಾಗಿಸಿದಾಗ ಸಂಖ್ಯೆಯನ್ನು ಇದ್ದಂತೆಯೇ ಉಳಿಸುವುದು ಒಂದರ ಕೆಲಸ, ಸೊನ್ನೆಯದಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ‘ಖಹರ’ವೆಂದು ಕರೆದು, ಅದು ಅನಂತವೆಂದು ತಿಳಿದನು. ಇಂದಿನ ಅಂಕಗಣಿತವು ಸೊನ್ನೆಯಿಂದ ಭಾಗಿಸುವ ಕ್ರಿಯೆಗೆ ಅರ್ಥವನ್ನೇ ಕೊಡುವುದಿಲ್ಲ. ಮಹಾವೀರಾಚಾರ್ಯನ ಈ ತಪ್ಪಿನಿಂದ ಅವನ ಹಿರಿಮೆಗೆ ಕುಂದಿಲ್ಲ. ಎರಡು ಅನನ್ಯತಾಂಶಗಳ ಕೆಲಸಗಳನ್ನು ಬೇರೆ ಬೇರೆಯಾಗಿ ಕಾಣುವುದು ಮಹಾವಿದ್ವಾಂಸರಿಗೂ ಎಷ್ಟು ಕಷ್ಟವಾಗಿತ್ತೆಂಬುದನ್ನು ಅದು ತೋರಿಸುತ್ತದೆ.

ಈ ಎರಡು ಸಂಖ್ಯೆಗಳು ಲೆಕ್ಕದಲ್ಲಿ ಹೇಗೆ ನೆರವಾಗುತ್ತವೆ ಎಂಬುದನ್ನು ತಿಳಿಯಲು ಮಂಡ್ಯದ ಕಬ್ಬಿನ ಗಾಡಿಯನ್ನು ನೋಡಬಹುದು. ಒಂದು ಟ್ರ್ಯಾಕ್ಟರು ಎರಡು ಟ್ರೈಲರುಗಳಲ್ಲಿ ಸಮನಾಗಿ ಕಬ್ಬು ತುಂಬಿಕೊಂಡು ಬಂದಿದೆ. ಎಲ್ಲವೂ ಸೇರಿ 17,000 ಕಿಲೋಗ್ರಾಂ ತೂಗುತ್ತದೆ. ಬರಿಯ ಟ್ರ್ಯಾಕ್ಟರು ಮತ್ತು ಟ್ರೈಲರುಗಳ ತೂಕ 5,000 ಕಿಲೋಗ್ರಾಂ. ಒಂದೊಂದು ಟ್ರೈಲರಿನಲ್ಲಿರುವ ಕಬ್ಬು ‘ಕ್ಷ’ ಕಿಲೋಗ್ರಾಂ ಎಂದು ಭಾವಿಸಿದರೆ,

2ಕ್ಷ + 5,000 = 17,000.

ಇಲ್ಲಿ ‘ಕ್ಷ’ ಒಂಟಿಯಾಗಿಲ್ಲ. ಅದರ ಪಕ್ಕದಲ್ಲಿ 5,000 ಕುಳಿತಿದೆ, ಮುಂದೆ 2 ನಿಂತಿದೆ. ಮೊದಲು ಎರಡು ಕಡೆಗೂ −5,000ವನ್ನು ಕೂಡಬೇಕು. 5,000 ಮತ್ತು −5,000 ಸೇರಿ ಸೊನ್ನೆಯಾಗುತ್ತವೆ.

2ಕ್ಷ + 0 = 12,000.

ಸೊನ್ನೆ ಸಂಕಲನದ ಅನನ್ಯತಾಂಶವಾದುದರಿಂದ ಅದನ್ನು ಬಿಟ್ಟರೂ ಬೆಲೆ ಕೆಡುವುದಿಲ್ಲ. 2ಕ್ಷ ಮಾತ್ರ ಉಳಿಯುತ್ತದೆ. ಇನ್ನು ಎರಡು ಕಡೆಯನ್ನೂ ½ರಿಂದ ಗುಣಿಸಬೇಕು. ½ ಮತ್ತು 2ರ ಗುಣಲಬ್ಧ ಒಂದು.

1 × ಕ್ಷ = 6,000.

ಒಂದು ಗುಣಾಕಾರದ ಅನನ್ಯತಾಂಶವಾದುದರಿಂದ ಕ್ಷ = 6,000. ಕೂಡಿದಾಗ ಸೊನ್ನೆಯನ್ನು ಕೊಡುವ −5,000ವು 5,000ದ ಸಂಕಲನ ವಿಲೋಮ. ಗುಣಿಸಿದಾಗ ಒಂದನ್ನು ಕೊಡುವ ½ ಎಂಬುದು 2ರ ಗುಣಾಕಾರ ವಿಲೋಮ. ವಿಲೋಮಗಳೆಂಬ ಕಲ್ಪನೆಯೇ ಅನನ್ಯತಾಂಶಗಳನ್ನು ಆಧರಿಸಿ ನಿಂತಿದೆ. ಅಜ್ಞಾತ ರಾಶಿಯನ್ನು ಆವರಿಸಿದ ಸಂಖ್ಯೆಗಳನ್ನು ಸೊನ್ನೆಯಾಗಿಯೂ ಒಂದಾಗಿಯೂ ಮಾಡಿದಾಗ ಅದು ತಾನೇ ತಾನಾಗಿ ಬೆಳಕಿಗೆ ಬರುತ್ತದೆ. ಇಂಥ ಸಮೀಕರಣಗಳನ್ನು ಬಿಡಿಸುವ ರಹಸ್ಯ ಇದೇ.

ಈ 6,000 ಕಿಲೋಗ್ರಾಂ ಎಷ್ಟು ಟನ್ನು? 1,000 ಕಿಲೋಗ್ರಾಂ ಎಂದರೂ 1 ಟನ್ನು ಎಂದರೂ ತೂಕ ಒಂದೇ. ಆದುದರಿಂದ 1 ಟನ್ನನ್ನು 1,000 ಕಿಲೋಗ್ರಾಮಿನಿಂದ ಭಾಗಿಸಿದರೆ ಬರುವ ಬೆಲೆ ಒಂದು. 6,000 ಕಿಲೋಗ್ರಾಮನ್ನು ಈ ಒಂದರಿಂದ ಗುಣಿಸಿದರೆ 6 ಟನ್ನು ದೊರೆಯುತ್ತದೆ. ಬರೆಯುವ ರೀತಿ ಬದಲಾಯಿತು. ಕಬ್ಬು ಒಂದು ಜಲ್ಲೆಯಷ್ಟೂ ಹೆಚ್ಚಲಿಲ್ಲ, ಕಡಮೆಯಾಗಲಿಲ್ಲ. 1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಾಗ 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿಯಾಯಿತು. 12 ಆಣೆಯೆಂದರೆ ರೂಪಾಯಿಯ 3/4 ಭಾಗ. ಇದನ್ನು 25/25ರಿಂದ ಗುಣಿಸಿದರೆ 75/100, ಎಂದರೆ 75 ಪೈಸೆ. 25/25 ಎಂಬುದು ಬೇರೆ ವೇಷ ತೊಟ್ಟ ಒಂದಲ್ಲದೆ ಮತ್ತೇನಲ್ಲ. ಬೆಲೆಯನ್ನು ಕೆಡಿಸದೆ ರೂಪವನ್ನು ಬದಲಾಯಿಸುವ ಸಾಮರ್ಥ್ಯ ಒಂದಕ್ಕಿದೆ.

ಇದುವರೆಗೆ ತೂಗುವ ಯಂತ್ರವು ಸರಿಯಾಗಿದೆಯೆಂದೇ ಭಾವಿಸಿದ್ದಾಯಿತು. ಅದು ಸರಿಯಿಲ್ಲದಿದ್ದರೆ? ಮಳವಳ್ಳಿ ಕಡೆಯ ಒಂದು ಕುಟುಂಬ ಸುಮಾರು ಒಂದು ತಿಂಗಳ ಕಾಲ ಹಗಲಿರುಳು ಹುಳುಗಳಿಗೆ ಸೊಪ್ಪು ಹಾಕಿ, ಬಿಸಿಲು ಚಳಿಗಳಿಂದ ಕಾಪಾಡಿ, 50 ಕಿಲೋಗ್ರಾಂ ಗೂಡು ಪಡೆದಿದೆ ಎಂದಿಟ್ಟುಕೊಳ್ಳಬಹುದು. ಅದನ್ನು 10 ಬುಟ್ಟಿಗಳಲ್ಲಿ, ಬುಟ್ಟಿಯ ತೂಕ ಬಿಟ್ಟು 5 ಕಿಲೋಗ್ರಾಮಿನಂತೆ ತುಂಬಿ, ಬುಟ್ಟಿ ಬುಟ್ಟಿಯಾಗಿ ತೂಗುತ್ತಾರೆ.

ಮೊದಲನೆಯ ಯಂತ್ರದ ಮುಳ್ಳು, ಮೇಲೆ ಏನನ್ನೂ ಇಡದಿರುವಾಗಲೂ, ಸೊನ್ನೆಯಿಂದ 200 ಗ್ರಾಂ ಕೆಳಗೆ ನಿಂತಿದೆ. ಈ ಯಂತ್ರ ಪ್ರತಿಸಲವೂ ನಿಜವಾದ ತೂಕಕ್ಕೆ −0.2ನ್ನು ಕೂಡುತ್ತದೆ. 5 ಕಿಲೋಗ್ರಾಂ 4.8 ಆಗಿ ತೋರುತ್ತದೆ. ಹತ್ತು ಬುಟ್ಟಿಗಳಿಂದ ಬರುವ ಮೊತ್ತ 48. ಎರಡನೆಯ ಯಂತ್ರದ ಮುಳ್ಳು ಬರಿದಾಗಿರುವಾಗ ಸರಿಯಾಗಿ ಸೊನ್ನೆಯಲ್ಲಿ ನಿಲ್ಲುತ್ತದೆ. ಆದರೆ ಅದು ನಿಜವಾದ ತೂಕವನ್ನು 0.96ರಿಂದ ಗುಣಿಸಿ ತೋರಿಸುತ್ತದೆ. ಅದರಲ್ಲಿಯೂ 5 ಕಿಲೋಗ್ರಾಂ 4.8 ಆಗುತ್ತದೆ, ಮೊತ್ತ ಮತ್ತೆ 48. ಎರಡರಲ್ಲಿಯೂ 2 ಕಿಲೋಗ್ರಾಂ ನಷ್ಟ. ಕಿಲೋಗ್ರಾಮಿಗೆ 500 ರೂಪಾಯಿ ಬೆಲೆಯಿದ್ದರೆ 1,000 ರೂಪಾಯಿ ಕೈಬಿಟ್ಟಂತಾಯಿತು. ಎರಡು ಯಂತ್ರಗಳ ಚೀಟಿಗಳೂ ಒಂದೇ ಬಗೆಯಾಗಿರುತ್ತವೆ; ಚೀಟಿಯನ್ನು ನೋಡಿ ದೋಷವನ್ನು ಪತ್ತೆಮಾಡುವಂತಿಲ್ಲ.

ಆದರೂ ಎರಡು ದೋಷಗಳ ಸ್ವಭಾವ ಬೇರೆ. 50 ಕಿಲೋಗ್ರಾಮನ್ನೂ ಒಟ್ಟಿಗೆ ತೂಗಿದರೆ ಮೊದಲನೆಯ ಯಂತ್ರ 49.8 ತೋರಿಸುತ್ತದೆ, ನಷ್ಟ 200 ಗ್ರಾಂ ಮಾತ್ರ. ಆ ಯಂತ್ರದಲ್ಲಿ ನಷ್ಟವು ತೂಗಿದ ಸಲಗಳನ್ನು ಅವಲಂಬಿಸಿದೆ. ಸ್ವಲ್ಪ ಸ್ವಲ್ಪವಾಗಿ ತಂದು ಮಾರುವ ಬಡ ಬೆಳೆಗಾರನಿಗೆ ಅದರಿಂದ ಹೆಚ್ಚು ಹಾನಿ. ಎರಡನೆಯ ಯಂತ್ರ ಒಟ್ಟಿಗೆ ತೂಗಿದರೂ 48ನ್ನೇ ತೋರಿಸುತ್ತದೆ. ಅಲ್ಲಿ ನಷ್ಟವು ತೂಕವನ್ನು ಅವಲಂಬಿಸಿದೆ. ಮೊದಲನೆಯದು ಸಂಕಲನದ ದೋಷ, ಎರಡನೆಯದು ಗುಣಾಕಾರದ ದೋಷ.

ಪರೀಕ್ಷೆಯೂ ಹಾಗೆಯೇ ಎರಡು ಬಗೆಯಾಗಿರಬೇಕು. ಮೊದಲು ಯಂತ್ರವನ್ನು ಬರಿದುಮಾಡಿ ಸೊನ್ನೆ ತೋರುವುದೇ ಎಂದು ನೋಡಬೇಕು. ಇಷ್ಟರಿಂದಲೇ ತೃಪ್ತರಾಗುವವರು ಎರಡನೆಯ ಯಂತ್ರದಿಂದ ಮೋಸಹೋಗುತ್ತಾರೆ; ಏಕೆಂದರೆ ಸೊನ್ನೆಯನ್ನು 0.96ರಿಂದ ಗುಣಿಸಿದರೂ ಸೊನ್ನೆಯೇ. ಆದುದರಿಂದ ಮುದ್ರೆಯುಳ್ಳ 20 ಕಿಲೋಗ್ರಾಮಿನ ತೂಕದ ಕಲ್ಲನ್ನು ಇಟ್ಟು ಇನ್ನೊಮ್ಮೆ ನೋಡಬೇಕು. ಎರಡನೆಯ ಯಂತ್ರ ಆಗ 19.2 ತೋರಿಸಿ ತನ್ನ ದೋಷವನ್ನು ಬಯಲುಮಾಡುತ್ತದೆ. ಪ್ರಾಮಾಣಿಕವಾದ ತಕ್ಕಡಿಯೆಂದರೆ ನಿಜವಾದ ತೂಕಕ್ಕೆ ಸೊನ್ನೆಯನ್ನು ಮಾತ್ರ ಕೂಡುವ, ಒಂದರಿಂದ ಮಾತ್ರ ಗುಣಿಸುವ ತಕ್ಕಡಿ. ವ್ಯಾಪಾರದಲ್ಲಿ ಬಳಸುವ ತೂಕ, ಅಳತೆ ಮತ್ತು ತೂಗುವ ಯಂತ್ರಗಳನ್ನು ನಿಗದಿಯಾದ ಅವಧಿಗೊಮ್ಮೆ ಪರೀಕ್ಷೆಗೆ ಒಳಪಡಿಸಿ ಸರ್ಕಾರದ ಮುದ್ರೆ ಹಾಕಿಸಿಕೊಳ್ಳಬೇಕೆಂದು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು ವಿಧಿಸುತ್ತದೆ. ಆ ಮುದ್ರೆ ಇದೆಯೇ ಎಂದು ನೋಡುವ ಹಕ್ಕು ಮಾರುವವನಿಗೂ ಉಂಟು, ಕೊಳ್ಳುವವನಿಗೂ ಉಂಟು.

ಏನನ್ನೂ ಬದಲಾಯಿಸದಿರುವುದೂ ಒಂದು ಕೆಲಸವೇ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬದಲಾಗದೆ ಉಳಿಯುವುದು ಯಾವುದೆಂದು ತಿಳಿದಿರುವವರಿಗೆ ಮಾತ್ರ ಬದಲಾವಣೆಯನ್ನು ಗುರುತಿಸಲು ಸಾಧ್ಯ. ಸೊನ್ನೆಯನ್ನು ಅರಿತವನಿಗೆ ಸೇರಿಸಿದ್ದು ಕಾಣುತ್ತದೆ. ಒಂದನ್ನು ಅರಿತವನಿಗೆ ಹಿಗ್ಗಿಸಿದ್ದೂ ಕುಗ್ಗಿಸಿದ್ದೂ ಕಾಣುತ್ತದೆ. ಎಳನೀರಿನ ಎಣಿಕೆಯಿಂದ ಬೀಜಗಣಿತದ ಸಮೀಕರಣದವರೆಗೆ ಎಲ್ಲ ಲೆಕ್ಕಗಳೂ ಈ ಎರಡು ಸಂಖ್ಯೆಗಳನ್ನು ನೆಚ್ಚಿಕೊಂಡಿವೆ. ಮಗ್ಗಿಯ ಮೊದಲ ಸಾಲನ್ನು ಸುಲಭವೆಂದು ಅವಸರದಿಂದ ದಾಟಿಹೋಗುವ ವಿದ್ಯಾರ್ಥಿಯು ಅಲ್ಲಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು; ರೈತನ ಬೆವರಿಗೆ ನ್ಯಾಯ ದೊರಕಿಸುವ ನಿಯಮವೊಂದು ಆ ಸಾಲಿನಲ್ಲಿದೆ.